ಸಿಂಧನೂರಿನ ಹಿಮಾಲಯದಲ್ಲಿ ತುಂಬಿದ ಉಡಿ

ನಮ್ಮ ಸೀಮೆಯವರಿಗೆ ಬಿಸಿಲು ಗೊತ್ತು, ಬಿಸಿಲನ್ನು ಬೈಯುವುದೂ ಗೊತ್ತು. ಚಳಿಯ ವಿಷಯದಲ್ಲಿ ಮಾತ್ರ ನಾವು ಶುದ್ಧ ಹೇಡಿಗಳು. ಮಸ್ಕಿಯಲ್ಲಿ ಪುಷ್ಯ ಮಾಸದ ಗಾಳಿ ಬೀಸಿತೆಂದರೆ ಗಂಡಸರು ತಲೆಗೆ ಟವೆಲ್ ಸುತ್ತಿಕೊಂಡು, ಹೆಂಗಸರು ಹೊದೆಯುವ ಕೌದಿಯನ್ನೇ ಮೈಮೇಲೆ ಎಳೆದುಕೊಂಡು, ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಬೆಂಕಿ ಹಾಕಿ ಕೂತುಬಿಡುತ್ತಿದ್ದರು. ಸ್ವೆಟರು ಎಂಬ ವಸ್ತುವನ್ನು ನಾನು ಮೊದಲು ನೋಡಿದ್ದು ಹೊರಗಿನಿಂದ ವರ್ಗವಾಗಿ ಬಂದ ಸಾಹೇಬರ ಮಕ್ಕಳ ಮೈಮೇಲೆ. ಅಂಥ ನಮಗೆ, ನಡು ಚಳಿಗಾಲದಲ್ಲಿ, ಟಿಕೀಟು ತಗೊಂಡು ಇನ್ನಷ್ಟು ಚಳಿ ಅನುಭವಿಸಲು ಬರ್ರಿ ಎಂದು ಯಾರೋ ಪುಣ್ಯಾತ್ಮರು ಸಿಂಧನೂರಿಗೆ ಹಿಮಾಲಯವನ್ನೇ ತಂದು ನಿಲ್ಲಿಸಿದ್ದರು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಭತ್ತ ಕೊಯ್ದು ಬರಿದಾದ ಒಂದು ಗದ್ದೆಯಲ್ಲಿ, ಕಾಲುವೆಯ ದಂಡೆಗೆ, ಆಂಧ್ರದ ಕಡೆಯ ಕಲಾವಿದರ ತಂಡವೊಂದು ದೊಡ್ಡ ಡೇರೆ ಹಾಕಿ 'ಹಿಮಾಲಯ ದರ್ಶನ' ಎಂದು ಬೋರ್ಡು ಬರೆಸಿತ್ತು. ಗೋಡೆಗೆ ತೂಗುಹಾಕಿದ ಚಿತ್ರವನ್ನು ದೂರ ನಿಂತು ನೋಡುವ ಪ್ರದರ್ಶನ ಅಲ್ಲ ಅದು. ನಾವೇ ಚಿತ್ರದ ಒಳಗೆ ಹೊಕ್ಕು ನಡೆಯಬೇಕು. ಬಿದಿರಿಗೆ ಗೋಣಿಚೀಲ ಹೊದಿಸಿ, ಮಣ್ಣು ಸುಣ್ಣ ಮೆತ್ತಿ, ಬಣ್ಣ ಬಳಿದು ಮಾಡಿದ ಗವಿ. ಗವಿಯೊಳಗೆ ಹತ್ತಿಯ ಹಿಮ, ನಿಜವಾದ ಮಂಜುಗಡ್ಡೆ, ಗಾಳಿ, ಗುಡುಗು, ತಪಸ್ಸಿಗೆ ಕೂತ ಋಷಿಗಳು. ಕೊನೆಯಲ್ಲಿ ಕೈಲಾಸ. ಆಗ ನಮ್ಮಲ್ಲಿ ಟಿವಿ ಇದ್ದ ಮನೆಗಳೇ ಕಡಿಮೆ. ಇಂಥದ್ದೊಂದು ಬಂದರೆ ಸುತ್ತಲಿನ ಹಳ್ಳಿಯ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗದೆ ಇರುತ್ತಾರೆಯೇ?

ನಮಗೆ ಸುದ್ದಿ ತಂದವಳು ಬಳಗಾನೂರಿನ ಬಳೆಗಾರ್ತಿ. ಮಸ್ಕಿಗೆ ಬಂದಾಗಲೆಲ್ಲ ನಮ್ಮ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಅವ್ವನ ಕೈಯಿಂದ ಚಹಾ ಕುಡಿದೇ ಮುಂದೆ ಹೋಗುತ್ತಿದ್ದಳು.

"ಅಕ್ಕಾರ, ಏನ್ ಹೇಳ್ಲಿ! ನಾ ಮೊದಲ ಗೊಂಬಿ ಅಂತ ತಿಳ್ಕೊಂಡಿದ್ದೆ. ಗೊಂಬಿ ಅಲ್ರಿ, ಜೀವಂತ ಪಾರ್ವತಿ ಕೂತಾಳ! ಕಣ್ಣು ಸೈತ ಮಿಟುಕಸಂಗಿಲ್ಲ. ಎದಿ ಮಾತ್ರ ಮ್ಯಾಲೆ ಕೆಳಗ ಆಗಾಕತ್ತಿತ್ತು, ನನ್ನ ಈ ಕಣ್ಣೀಲೆ ನೋಡೀನಿ."

ಅವ್ವ ಕಪ್ಪು ಬಸಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು, "ಸೀರಿ ಉಟ್ಟಾಳ?"

"ಹೂಂ ಮತ್ತ. ಜರತಾರಿ ಸೀರಿ."

"ಅಲ್ಲವಾ, ಉಟ್ಟಾಳೋ, ಇಲ್ಲಾ ಗೊಂಬಿಗೆ ಸುತ್ತಿದಂಗ ಸುತ್ಯಾರೋ? ಸೆರಗು ಐತಿಲ್ಲೋ? ಉಡಿ ಒಡ್ಡಾಕ ಬರಂಗ ಐತಿ?"

ಬಳೆಗಾರ್ತಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಒಳಗೆ ಬಟ್ಟೆಯ ಥಾನು ಮಡಚುತ್ತಿದ್ದ ಅಪ್ಪನಿಗೂ ತಿಳಿದಿರಬೇಕು, ಏಕೆಂದರೆ ಅವನು ಗಜಕೋಲನ್ನು ಧಡ್ಡನೆ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಹೇಳದೆ ಮುಂದೆ ಹೋಗಲು ಬರುವುದಿಲ್ಲ.

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಲಿಂಗಸುಗೂರಿಗೆ ಕೊಟ್ಟಿದ್ದೆವು. ಮದುವೆಯಾದ ಮರುವರ್ಷ ಪಂಚಮಿಗೆ ತವರಿಗೆ ಬಂದಳು. ಜೋಕಾಲಿ ಆಡಿದ್ದೇನು, ಉಂಡಿ ತಿಂದದ್ದೇನು, ನನ್ನ ಜಡೆ ಹಿಡಿದು ಜಗ್ಗಿದ್ದೇನು! ಹಬ್ಬ ಮುಗಿದು ಇನ್ನೂ ವಾರ ಆಗಿರಲಿಲ್ಲ, ಅಕ್ಕನ ಗಂಡ ಕರೆಯಲು ಬಂದು ಬಾಗಿಲಲ್ಲಿ ನಿಂತ. ಅವನ ತಾಯಿಗೆ ಮೈಯಲ್ಲಿ ಆರಾಮಿರಲಿಲ್ಲ, ಮನೆಯಲ್ಲಿ ರೊಟ್ಟಿ ಬಡಿಯುವವರಿರಲಿಲ್ಲ. ಆದರೆ ಅವತ್ತು ಮಂಗಳವಾರ. ನಮ್ಮಲ್ಲಿ ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸುವುದಿಲ್ಲ. ಅವ್ವ ಒಂದೇ ಮಾತು ಹಿಡಿದಳು, "ಇವತ್ತೊಂದಿನ ಇದ್ದು ನಾಳೆ ಮುಂಜಾನೆ ಕರಕೊಂಡು ಹೋಗ್ರಿ." ಅಳಿಯ ಮುಖ ಗಂಟು ಹಾಕಿಕೊಂಡ. ಅಪ್ಪ ನಡುವೆ ಬಾಯಿ ಹಾಕಿದ, "ಕಳಿಸು ಅತ್ಲಾಗ. ಬೀಗರ ಕೂಡ ಯಾಕ ತಕರಾರು? ಬಸ್ಸಿನ್ಯಾಗ ಹೋಗಾಕ ಎಂಥಾ ಮಂಗಳವಾರ?"

ಅಪ್ಪನ ಮಾತೇ ಗೆದ್ದಿತು. ಆಗ ಅವ್ವ ಒಂದು ಹಟ ಮಾಡಿದಳು. ಮಗಳು ಗಂಡನ ಮನೆಗೆ ಹೊರಟಾಗ ತಾಯಿ ಅವಳ ಸೆರಗಿನೊಳಗೆ ಅಕ್ಕಿ, ಕೊಬ್ಬರಿ, ಕುಬಸದ ಕಣ ಅಂದರೆ ರವಿಕೆಯ ಬಟ್ಟೆ ಹಾಕಿ ಉಡಿ ತುಂಬಿ ಕಳಿಸುವುದು ಇದ್ದದ್ದೇ. ಅವ್ವ ಉಡಿ ತುಂಬಲಿಲ್ಲ.

"ಕಳಸಾಕತ್ತವರು ನೀವು, ನಾ ಅಲ್ಲ. ಉಡಿ ತುಂಬಿದ್ರ ನಾ ಕಳಿಸಿದಂಗ ಆಕ್ಕೈತಿ. ತುಂಬಂಗಿಲ್ಲ. ಆಕಿ ಉಡಿ ತುಂಬಿಸ್ಕೊಳ್ಳಾಕರ ತಿರುಗಿ ಬರಬೇಕು."

ಅಕ್ಕ ನಕ್ಕುಬಿಟ್ಟಳು. "ಆತು ಬಿಡಬೇ ಯವ್ವಾ, ದಸರಾಕ್ಕ ಬರ್ತೀನಿ. ಇವತ್ತಿಂದೂ ಆವತ್ತಿಂದೂ ಎರಡೂ ಕೂಡಿಸಿ ತುಂಬು, ಹೊರಲಾರದಷ್ಟು ತುಂಬು" ಎಂದು ಬಸ್ಸು ಹತ್ತಿದಳು. ಕಿಟಕಿಯಿಂದ ನನಗೆ ನಾಲಿಗೆ ತೋರಿಸಿ ಅಣಕಿಸಿದಳು. ನಾನೂ ತೋರಿಸಿದೆ.

ಭಾದ್ರಪದದಲ್ಲಿ ಅಕ್ಕನಿಗೆ ಕಾಮಾಲೆ ಆಯಿತು. ಹಳ್ಳಿಯ ನಾಟಿ ಔಷಧಿ, ದವಾಖಾನೆಯ ಔಷಧಿ, ಎಲ್ಲ ಆಯಿತು. ಮಹಾನವಮಿ ಬರುವುದರೊಳಗೆ ಅವಳು ಹೋಗಿಬಿಟ್ಟಳು. ನಾವು ಲಿಂಗಸುಗೂರು ಮುಟ್ಟಿದಾಗ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮುತ್ತೈದೆ ಸತ್ತರೆ ಮಣ್ಣಿಗೆ ಒಯ್ಯುವ ಮೊದಲು ಉಡಿ ತುಂಬುತ್ತಾರೆ. ಓಣಿಯ ಹೆಂಗಸರು ಅವ್ವನ ರೆಟ್ಟೆ ಹಿಡಿದು ಕರೆದರು, "ಏಳವಾ, ತಾಯಿ ಕೈ ಮೊದಲು ಆಗಬೇಕು." ಅವ್ವ ಹೊಸ್ತಿಲ ಮೇಲಿಂದ ಏಳಲಿಲ್ಲ. "ನಾ ಹೆಣಕ್ಕ ಉಡಿ ತುಂಬಾಕ ಬಂದಿಲ್ಲ" ಅಂದಳು. ಬೇರೆಯವರು ತುಂಬಿದರು. ಅವ್ವ ಅತ್ತ ತಿರುಗಿಯೂ ನೋಡಲಿಲ್ಲ.

ಅವ್ವನಿಗೆ ತಲೆ ಕೆಟ್ಟಿತ್ತು ಎಂದು ಯಾರೂ ತಿಳಿಯಬಾರದು. ಅಂಗಡಿಯಲ್ಲಿ ಅರ್ಧ ಗಜ ಕಣ ಹೆಚ್ಚು ಕಡಿಮೆ ಆದರೆ ಹಿಡಿಯುತ್ತಿದ್ದವಳು ಅವಳೇ. ಆದರೆ ಅಕ್ಕನ ಮಾತು ಬಂದರೆ ಅವಳ ಬಾಯಿಂದ 'ಇದ್ದಳು' ಎಂಬುದು ಬರುತ್ತಿರಲಿಲ್ಲ, 'ಅದಾಳ' ಎಂದೇ ಬರುತ್ತಿತ್ತು. "ಆಕೀಗಿ ಬದನಿಕಾಯಿ ಅಂದ್ರ ಆಗಂಗಿಲ್ಲ." "ಆಕಿ ಭಾಳ ನಿದ್ದಿಗೇಡಿ." ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. "ಸತ್ತಾಕಿ ಸತ್ಲು ಬೇ! ಮಣ್ಣು ಹಾಕಿ ಬಂದೀನಿ ಈ ಕೈಲೆ. ಇನ್ನ ಎಷ್ಟು ದಿನ ಇದನ್ನ ನಡಸಾಕಿ?" ಎಂದು ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದ. ವಾರಕ್ಕೊಮ್ಮೆಯಾದರೂ ನಮ್ಮ ಮನೆಯಲ್ಲಿ ಇದೇ ಜಗಳ. ನನಗಂತೂ ಸಾಕುಸಾಕಾಗಿ ಹೋಗಿತ್ತು. ಬದುಕಿರುವ ಮಗಳು ಒಬ್ಬಳು ಇಲ್ಲಿ ಎದುರಿಗೇ ರೊಟ್ಟಿ ತಟ್ಟುತ್ತಿದ್ದೇನಲ್ಲ, ನನ್ನ ಕಡೆಗೂ ಸ್ವಲ್ಪ ನೋಡಿ ಎಂದು ಕಿರುಚಬೇಕು ಅನಿಸುತ್ತಿತ್ತು.

ನಮ್ಮ ಕಡೆಯವರು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಅಲ್ಲಿಯ ಅಮ್ಮ ನಮ್ಮ ಸೀಮೆಯ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬ ಭಾವ ನಮ್ಮವರಿಗೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಸೀರೆ, ಕುಬಸ, ಉಡಿ ಸಾಮಾನು ಕಟ್ಟಿಕೊಂಡು ಹೋಗುತ್ತಾರೆ. ಅಕ್ಕ ಹೋದ ಮೇಲೆ ಅವ್ವ ವರ್ಷ ತಪ್ಪದೆ ನಡೆದಳು, ಕಾಲು ಬೊಬ್ಬೆ ಎದ್ದರೂ ನಡೆದಳು. ಆದರೆ ಬಂದಾಗೊಮ್ಮೆ ಅದೇ ಗೊಣಗಾಟ: "ಆ ಮಂದ್ಯಾಗ ಎಲ್ಲಿ ಉಡಿ, ಎಲ್ಲಿ ಸೆರಗು? ಗಂಟು ಮುಂದಿನವರ ಕೈಗೆ ಕೊಟ್ಟೆ, ಅವರು ಅವರ ಮುಂದಿನವರಿಗೆ ಕೊಟ್ರು. ನನ್ನ ಕೈಲೆ ಒಂದು ಕಾಳು ಹಾಕಾಕ ಆಗ್ಲಿಲ್ಲ." ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ತನ್ನ ಕೈಯಿಂದ ಒಂದು ಜೀವಂತ ಸೆರಗಿನೊಳಗೆ ಅಕ್ಕಿ ಹಾಕಬೇಕು. ಆಮೇಲೆ ಉಬ್ಬಸ ಗಂಟುಬಿತ್ತು. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಎದೆ ಕೊಳವೆಯ ಹಾಗೆ ಸುಯ್ಯೆನ್ನುತ್ತಿತ್ತು. ನಡಿಗೆ ಬಂದ್, ತಣ್ಣೀರು ಬಂದ್, ಥಂಡಿ ಗಾಳಿ ಸೋಕಲೇಬಾರದು ಎಂದು ಡಾಕ್ಟರು ಗದರಿಸಿ ಕಳಿಸಿದ್ದರು.

ಹೀಗಿರುವಾಗ ಬಳೆಗಾರ್ತಿ ಹಿಮಾಲಯದ ಸುದ್ದಿ ತಂದದ್ದು.

ಆ ಸಂಜೆಯೇ ಅವ್ವ ಅಕ್ಕಿ ಹಸನು ಮಾಡಲು ಕೂತಳು. ಅಪ್ಪ ಬಂದು ನೋಡಿದ. "ಏನ್ ನಡಸೀಯಬೇ?"

"ಸಿಂಧನೂರಿಗೆ ಹೊಂಟೀನಿ."

"ಬಣ್ಣ ಹಚಗೊಂಡು ಹೊಟ್ಟಿಪಾಡಿಗೆ ಕೂತ ಹುಡುಗೀಗಿ ಉಡಿ ತುಂಬ್ತಿ? ಮಂದಿ ನಕ್ಕಾರು. ಆಕಿ ಖರೇ ಪಾರ್ವತಿ ಅಂತ ಮಾಡಿಯೇನು?"

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. "ನನಗ ಅಷ್ಟೂ ತಿಳಿಯಂಗಿಲ್ಲೇನ್ರಿ? ಪಾರ್ವತಿ ಅಲ್ಲ ಅಂತ ಗೊತ್ತೈತಿ. ಯಾರರ ಮಗಳು ಹೌದಿಲ್ಲೋ? ನನಗ ಅಷ್ಟ ಸಾಕು."

"ಒಳಗ ಬರ್ಫ ಇಟ್ಟಾರಂತ. ಉಬ್ಬಸ ಎದ್ದು ಅಲ್ಲೇ ಬಿದ್ರ?"

"ಬಿದ್ರ ಎತಗೊಂಡು ಬರ್ರಿ."

ಮರುದಿನ ಅಪ್ಪ ಅಂಗಡಿಗೆ ಬೀಗ ಜಡಿದು, ಬೈಯುತ್ತಲೇ ಬಸ್ ನಿಲ್ದಾಣಕ್ಕೆ ನಮ್ಮ ಮುಂದೆ ಮುಂದೆ ನಡೆದ.

ಬಸ್ಸಿನ ಕಿಟಕಿಗಳಿಗೆ ಗಾಜು ಇದ್ದರೆ ತಾನೇ ಮುಚ್ಚುವುದು? ಅವ್ವನ ಮೂಗು ಬಾಯಿಗೆ ನನ್ನ ಶಾಲು ಸುತ್ತಿದೆ. ಅವಳು ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಅದಕ್ಕೆ ಗಾಳಿ ತಾಗಬಾರದು ಎನ್ನುವ ಹಾಗೆ ಸೆರಗು ಮುಚ್ಚಿದ್ದಳು. ತನಗೆ ತಾಗಿದರೆ ನಡೆಯುತ್ತದೆ! ಸಿಟ್ಟು ಬಂದು ನಾನು ದಾರಿಯುದ್ದಕ್ಕೂ ಆಚೆ ಮುಖ ತಿರುಗಿಸಿ ಕೂತೆ. ಸಿಂಧನೂರು ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು. ಕಾಲುವೆಯ ನೀರಿನ ಮೇಲಿಂದ ಬರುವ ಗಾಳಿ ಕಿವಿ ಕತ್ತರಿಸುತ್ತಿತ್ತು.

ಡೇರೆಯ ಮುಂದೆ ದೊಡ್ಡ ಸರದಿ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಮಾತಾಡುವ ಹೆಂಗಸರು, ಪಾಮನಕಲ್ಲೂರಿನಿಂದ ಗಾಡಿ ಮಾಡಿಕೊಂಡು ಬಂದ ಒಂದು ದೊಡ್ಡ ಸಂಸಾರ, ಕೌದಿ ಹೊದ್ದ ಮುದುಕರು. ನಮ್ಮ ಹಿಂದಿನ ಗೌಡರೊಬ್ಬರು ಹಲ್ಲು ಕಟಕಟ ಕಡಿಯುತ್ತಾ ಹೇಳಿದರು, "ಈ ಸೂಳೆಮಕ್ಕಳು ಬ್ಯಾಸಗ್ಯಾಗ ಬಂದಿದ್ರ ಇವರ ಕಾಲು ತೊಳಕೊಂಡು ನೀರು ಕುಡೀತಿದ್ವಿ. ಈಗ ಬಂದು ರೊಕ್ಕ ತಗೊಂಡು ಥಂಡಿ ಹಚ್ಚಾಕತ್ಯಾರ." ಸರದಿಯೆಲ್ಲ ಗೊಳ್ಳೆಂದಿತು. ಅವ್ವ ನಗಲಿಲ್ಲ. ಅಪ್ಪ ಎರಡು ಟಿಕೀಟು ತಂದು ನನ್ನ ಕೈಗಿಟ್ಟು, "ನಾ ಒಳಗ ಬರಂಗಿಲ್ಲ" ಎಂದವನೇ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತ.

ಕೈಲಾಸಕ್ಕೆ ಹೋಗುವವರು ಚಪ್ಪಲಿ ಬಿಡಬೇಕಂತೆ. ಬಿಟ್ಟೆವು. ಗವಿಯ ಬಾಯಿಯಲ್ಲಿ ಕರಿ ಪರದೆ. ಪರದೆ ದಾಟಿದ್ದೇ ಕಣ್ಣಿಗೆ ಕತ್ತಲು, ಕಾಲಿಗೆ ಒದ್ದೆ ಮರಳು. ಅಯ್ಯೋ ಶಿವನೇ, ಆ ಥಂಡಿ ಅಂಗಾಲಿನಿಂದ ನೆತ್ತಿಗೇ ಏರಿತು! ಸ್ವಲ್ಪ ಹೊತ್ತಿಗೆ ನೀಲಿ ಬೆಳಕು ಮೂಡಿತು. ಎರಡೂ ಬದಿಗೆ ಬೆಟ್ಟ, ಬೆಟ್ಟದ ಮೇಲೆ ಹತ್ತಿಯ ಹಿಮ, ಬುಡದಲ್ಲಿ ಕಟ್ಟಿಗೆ ಹೊಟ್ಟಿನೊಳಗೆ ಹುಗಿದ ನಿಜವಾದ ಮಂಜುಗಡ್ಡೆಯ ಬಂಡೆಗಳು. ಎಲ್ಲೋ ಮರೆಯಲ್ಲಿ ದೊಡ್ಡ ಫ್ಯಾನು ತಿರುಗಿ ಮುಖಕ್ಕೆ ನೀರಿನ ತುಂತುರು ಹೊಡೆಯುತ್ತಿತ್ತು. ತಗಡಿನ ಡ್ರಮ್ಮು ಗುಡುಗಿತು. ಒಬ್ಬ ಋಷಿಯ ಬೊಂಬೆ ಗಡ್ಡ ಅಲ್ಲಾಡಿಸಿತು. ಸೈಕಲ್ ಚೈನಿನ ಸಪ್ಪಳ ಮಾಡುತ್ತಾ ನಂದಿ ತಲೆ ಆಡಿಸಿತು. ಸುಳ್ಳು ಹೇಳಲಾರೆ, ಚೈನಿನ ಸಪ್ಪಳ ಕೇಳಿಯೂ ನನ್ನ ಮೈ ಜುಂ ಅಂದಿತ್ತು. ನಾನು ಮಸ್ಕಿಯ ಹುಡುಗಿ ಎಂಬುದೇ ಮರೆತುಹೋಗಿ, ಎಲ್ಲೋ ಬಹಳ ಮೇಲೆ, ಬಹಳ ದೂರ ಬಂದುಬಿಟ್ಟಿದ್ದೇನೆ, ತಿರುಗಿ ಹೋಗುವ ದಾರಿ ಇಲ್ಲ ಎನಿಸಿತು.

ಅಷ್ಟರಲ್ಲಿ ಅವ್ವನ ಎದೆ ಸುಯ್ಯೆನ್ನಲು ಶುರುವಾಯಿತು. ಗೋಣಿಯ ಬೆಟ್ಟಕ್ಕೆ ಕೈ ಊರಿ ನಿಂತಳು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುತ್ತಿಲ್ಲ. ತುಟಿ ನೀಲಿ ಕಂಡಿತು. ಬೆಳಕಿನ ನೀಲಿಯೋ, ಉಸಿರಿಲ್ಲದ ನೀಲಿಯೋ ತಿಳಿಯಲಿಲ್ಲ.

"ಯವ್ವಾ, ಹಿಂದಕ್ಕ ಹೋಗೂನು ನಡಿ. ನಿನ್ನ ಕಾಲು ಬೀಳ್ತೀನಿ."

ಅವಳು ತಲೆ ಅಲ್ಲಾಡಿಸಿದಳು. ಹಿಂದಿನವರು ನೂಕುತ್ತಿದ್ದರು. ಅಪ್ಪ ಹೊರಗೆ ಬೆನ್ನು ತಿರುಗಿಸಿ ಕೂತಿದ್ದಾನೆ. ನನಗೆ ಅಳು ಬಂತು. ಇವಳು ಇಲ್ಲೇ ಸತ್ತರೆ ಅಪ್ಪನಿಗೆ ಏನು ಹೇಳಲಿ? ಪಾಮನಕಲ್ಲೂರಿನ ಹೆಂಗಸೊಬ್ಬಳು ಅವ್ವನ ಬೆನ್ನು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿದಳು. ಸ್ವಲ್ಪ ಉಸಿರು ತಿರುಗಿದ್ದೇ ತಡ, ಅವ್ವ ನನ್ನ ಭುಜ ಹಿಡಿದು ಮುಂದೆ ಎಳೆದಳು.

ಕೊನೆಯ ತಿರುವಿನಲ್ಲಿ ಕೈಲಾಸ. ಅಲ್ಲಿ ಗುಡುಗಿಲ್ಲ, ಗಾಳಿಯಿಲ್ಲ, ಬೆಳ್ಳಗಿನ ಬೆಳಕು ಮಾತ್ರ. ಹಿಂದೆ ಮಣ್ಣಿನ ದೊಡ್ಡ ಶಿವ. ಅವನ ಎಡಕ್ಕೆ ಹತ್ತಿಯ ಬಂಡೆಯ ಮೇಲೆ ಆ ಹುಡುಗಿ. ಹಸಿರು ಸೀರೆ, ಮುಖಕ್ಕೆಲ್ಲ ಅರಿಶಿನ ಬಣ್ಣ, ತಲೆಗೆ ಕಿರೀಟ, ಬರಿಗಾಲು. ಅಕ್ಕ ಹೋದಾಗಿನ ವಯಸ್ಸು ಇದ್ದೀತು. ಮುಖ ಅಕ್ಕನದಲ್ಲ, ಹೋಲಿಕೆ ಒಂದಿಷ್ಟೂ ಇರಲಿಲ್ಲ, ಆದರೂ ನಾನು ಹುಡುಕಿದೆ. ಮುಂದೆ ಹಗ್ಗ ಕಟ್ಟಿ 'ಮುಟ್ಟಬೇಡಿ, ಮಾತನಾಡಿಸಬೇಡಿ' ಎಂದು ಬರೆದಿದ್ದರು. ಮಂದಿ ಹಗ್ಗದ ಈಚೆ ಕೈಮುಗಿದು, ಗೊಂಬಿಯೋ ಮನುಷ್ಯಳೋ ಎಂದು ಪಿಸುಗುಟ್ಟುತ್ತಾ ಸರಿದು ಹೋಗುತ್ತಿದ್ದರು. ಹತ್ತಿರದಿಂದ ನೋಡಿದರೆ ಅವಳ ಮೊಣಕೈ ಮೇಲೆ ಚಳಿಗೆ ಎದ್ದ ಮುಳ್ಳು ಕಾಣುತ್ತಿತ್ತು.

ಅವ್ವ ಹಗ್ಗ ಎತ್ತಿ ಒಳಗೆ ಹೋದಳು. ಹಿಡಿಯಬೇಕೆಂದರೆ ನನ್ನ ಕೈಯೇ ಮುಂದೆ ಹೋಗಲಿಲ್ಲ.

ಹುಡುಗಿಯ ಎದುರಿಗೆ ಮೊಣಕಾಲೂರಿ ಕೂತು ಗಂಟು ಬಿಚ್ಚಿದಳು. ಕುಂಕುಮದ ಡಬ್ಬಿ ತೆಗೆದಳು. ಹುಡುಗಿ ಅಲುಗಾಡಲಿಲ್ಲ. ಅವ್ವ ಅವಳ ಹಣೆಗೆ ಕುಂಕುಮ ಹಚ್ಚಿದಳು. ಆಗಲೂ ಅಲುಗಾಡಲಿಲ್ಲ, ಕಣ್ಣು ಮಾತ್ರ ಕೆಳಗಿಳಿದು ಅವ್ವನನ್ನು ನೋಡಿದವು. ಬಣ್ಣದ ಡಬ್ಬಿ ಹಿಡಿದ ಮ್ಯಾನೇಜರನೊಬ್ಬ ಮರೆಯಿಂದ ಓಡಿ ಬಂದ. "ಏಮ್ಮಾ, ಏಮಿಟಿದಿ? ಮುಟ್ಟಬ್ಯಾಡ ಅಂತ ಬೋರ್ಡು ಹಾಕೀವಲ್ಲಮ್ಮಾ!"

ಅವ್ವನಿಗೆ ಅವನು ಕಾಣಲೇ ಇಲ್ಲ. ಅಕ್ಕಿ ತುಂಬಿದ ಬೊಗಸೆ ಹಿಡಿದು, ಆ ಕಡಿದುಹೋಗುತ್ತಿರುವ ಉಸಿರಿನಲ್ಲಿ ಇಷ್ಟೇ ಅಂದಳು, "ಸೆರಗು ಒಡ್ಡವಾ. ಭಾಳ ದಿನ ಆತು."

ಆ ಹುಡುಗಿಯ ಕೆಲಸವೇ ಅಲುಗಾಡದೆ ಕೂಡುವುದು. ಅವಳ ಹೊಟ್ಟೆಪಾಡು ಅದು. ಅವಳು ಕೈ ಬಿಡಿಸಿದಳು, ಎಡಗಡೆಯ ಸೆರಗು ಮುಂದೆ ತಂದು, ಎರಡೂ ಕೈಯಲ್ಲಿ ಅಂಚು ಹಿಡಿದು ಉಡಿ ಒಡ್ಡಿದಳು. ಯಾವುದೋ ಊರಿನ, ಯಾವುದೋ ತಾಯಿ ಹೀಗೆ ಒಡ್ಡುವುದನ್ನು ಅವಳಿಗೆ ಕಲಿಸಿರಬೇಕು.

"ದೇವಿ ಸೆರಗು ಒಡ್ಡಿದ್ಲು!" ಎಂದು ಹಿಂದೆ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಗೊಂಬೆಗೆ ಜೀವ ಬಂತೆಂದು ಸರದಿಗೆ ಸರದಿಯೇ ಹರಹರ ಎಂದು ಒದ್ದೆ ಮರಳಿನಲ್ಲಿ ಅಡ್ಡಬಿತ್ತು. ಬೈಯುತ್ತಿದ್ದ ಗೌಡರೂ ಅಡ್ಡಬಿದ್ದರು. ಮ್ಯಾನೇಜರ ಒಮ್ಮೆ ಮಂದಿಯನ್ನು, ಒಮ್ಮೆ ಅವ್ವನನ್ನು ನೋಡಿ, ಬಾಯಿ ಮುಚ್ಚಿಕೊಂಡು ತಾನೂ ಕೈಮುಗಿದ. ಮರುದಿನದಿಂದ ಊರ ಹೆಂಗಸರೆಲ್ಲ ಆ ಹುಡುಗಿಗೆ ಉಡಿ ತುಂಬಲು ಬಂದರೆಂದು, ಅಕ್ಕಿಗೆ ಚೀಲವೇ ಇಡಬೇಕಾಯಿತೆಂದು ಬಳೆಗಾರ್ತಿ ಆಮೇಲೆ ಹೇಳಿದಳು. ಇರಲಿ, ಅದು ಅವರ ಭಕ್ತಿ.

ಅವ್ವ ಕುಬಸದ ಕಣ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ ಹಾಕಿದಳು. ಆಮೇಲೆ ಅಕ್ಕಿ, ಬೊಗಸೆ ತುಂಬಿ ತುಂಬಿ. ಸೆರಗು ಭಾರಕ್ಕೆ ಜಗ್ಗಿತು. ಗಂಟು ಬರಿದಾಯಿತು. ಅವ್ವ ಅವಳ ಗದ್ದ ಹಿಡಿದು ಒಂದು ಗಳಿಗೆ ನೋಡಿದಳು.

ಉಡಿ ತುಂಬಿಸಿಕೊಂಡವಳು ಅದರೊಳಗಿಂದ ಒಂದು ಚಿಟಿಕೆ ಅಕ್ಕಿ ತೆಗೆದು ತಾಯಿಯ ಸೆರಗಿಗೆ ಹಿಂದಕ್ಕೆ ಹಾಕಬೇಕು. ತವರಿನ ಕಾಳು ಒಂದಿಷ್ಟು ತವರಿನಲ್ಲಿ ಉಳಿಯಬೇಕು. ಉಳಿದರೆ ಮಗಳು ಮತ್ತೆ ಬರುತ್ತಾಳೆ. ಆ ಹುಡುಗಿಗೆ ಅದೂ ಗೊತ್ತಿತ್ತು. ಅಂಚನ್ನು ಒಂದೇ ಕೈಯಲ್ಲಿ ಒಟ್ಟು ಮಾಡಿ ಹಿಡಿದು, ಬಲಗೈಯಿಂದ ಅಕ್ಕಿ ಎತ್ತಿ, ತುಟಿ ಅಲುಗಿಸದೆ, ನಮ್ಮ ಕಡೆಯ ಮಾತಿನಲ್ಲೇ ಹೇಳಿದಳು, "ತಗೋರಿ ಯವ್ವಾ."

ಅವ್ವನ ಕೈ ಸೆರಗಿನ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವಳು ಹುಡುಗಿಯ ಬೆರಳುಗಳನ್ನು ಅಕ್ಕಿಯ ಮೇಲೆ ಮಡಚಿ, ಮುಷ್ಟಿಯನ್ನು ಉಡಿಯೊಳಗೇ ಇಟ್ಟಳು.

"ಬ್ಯಾಡವಾ. ಎಲ್ಲಾ ನೀನ ಒಯ್ಯಿ. ಹೋಗು, ನನ್ನವ್ವ."

ಅವಳ ಬಾಯಿಂದ 'ಹೋಗು' ಎಂಬ ಮಾತು ಬಂದದ್ದು ನಾನು ಕೇಳಿದೆ. ಇಷ್ಟು ವರ್ಷ ಇವಳ ಹಟ ಒಮ್ಮೆ ಮುಗಿದರೆ ಸಾಕು ಎನ್ನುತ್ತಿದ್ದವಳು ನಾನು. ಮುಗಿದಾಗ, ಬೇಡ ಯವ್ವಾ, ನಾಲ್ಕು ಕಾಳು ತಗೋ ಎಂದು ಕೂಗಬೇಕೆನಿಸಿತು. ಹುಡುಗಿಯ ಕಣ್ಣಿಂದ ನೀರಿಳಿದು ಅರಿಶಿನ ಬಣ್ಣದಲ್ಲಿ ಎರಡು ಗೆರೆ ಬಿದ್ದಿದ್ದವು. ಅದನ್ನು ನೋಡಿ ಮಂದಿ ಇನ್ನಷ್ಟು ಜೋರಾಗಿ ಹರಹರ ಎಂದರು.

ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವನ ಉಸಿರು ಅರ್ಧಂಬರ್ಧ ಇತ್ತು, ಆದರೆ ನಡೆಯುತ್ತಿದ್ದಳು. ಅಪ್ಪ ಬೆಂಚಿನಿಂದ ಎದ್ದು, ಅವಳ ಕೈಯಲ್ಲಿದ್ದ ಖಾಲಿ ಅರಿವೆಯನ್ನು ನೋಡಿದ. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಆತೇನು?" ಅಂದ.

"ಆತ್ರಿ. ಕಳಿಸಿ ಬಂದೀನಿ."

ಅಪ್ಪ ಟವೆಲ್‌ನಿಂದ ಸುಮ್ಮನೆ ಮುಖ ಒರೆಸಿಕೊಂಡ. ಆಮೇಲೆ, ಅಂಗಡಿಯ ಲೆಕ್ಕ ಕೇಳುವ ಧ್ವನಿಯಲ್ಲಿ, "ಹಿಂದಕ್ಕ ಕಾಳು ತಗೊಂಡ್ಯಲ್ಲ?" ಎಂದು ಕೇಳಿದ.

"ಇಲ್ರಿ."

"ಇಲ್ಲಂದ್ರ?"

"ತಗೋಲಿಲ್ಲ. ಆಕಿ ಕೊಡಾಕ ಬಂದ್ಲು, ನಾನ ಬ್ಯಾಡಂದೆ."

"ಬುದ್ಧಿ ಐತೇನಬೇ ನಿನಗ!" ಅಪ್ಪ ಎಷ್ಟು ಜೋರಾಗಿ ಕೂಗಿದನೆಂದರೆ ಚಹಾದಂಗಡಿಯವನು ಕೈಯಲ್ಲಿದ್ದ ಕಪ್ಪು ಚೆಲ್ಲಿಕೊಂಡ. "ತಾಯಿ ಆಗಿ ಹಿಂದಕ್ಕ ಕಾಳು ತಗೋಬೇಕನ್ನೂದು ಗೊತ್ತಿಲ್ಲ? ತಗೋಲಿಲ್ಲಂದ್ರ ಆಕಿ ಹೆಂಗ ಬರ್ತಾಳಬೇ? ಹೆಂಗ ಬರ್ತಾಳ ಆಕಿ ಮನೀಗಿ?"

ಹೇಳುತ್ತಲೇ ಡೇರೆಯ ಬಾಗಿಲ ಕಡೆ ಹೊರಟುಬಿಟ್ಟ. ಟಿಕೀಟಿನವನು ತಡೆದ. ಅಪ್ಪ ಅವನ ಕೈ ಕೊಡವಿದ. "ನಾಕು ಕಾಳು ಇಸಗೊಂಡು ಬರ್ತೀನಿ, ಬಿಡಪಾ. ನಾಕ ನಾಕು ಕಾಳು." ಮಣ್ಣು ಹಾಕಿ ಬಂದಿದ್ದೇನೆ ಎಂದು ನಮ್ಮನ್ನು ಗದರಿಸುತ್ತಿದ್ದ ಮನುಷ್ಯ ಅವನೇನಾ ಎಂದು ನಾನು ಕಣ್ಣು ಬಿಟ್ಟು ನಿಂತೆ.

ಅವ್ವ ಹಿಂದಿನಿಂದ ಹೋಗಿ ಅವನ ಅಂಗಿಯ ತೋಳು ಹಿಡಿದಳು. "ಬರ್ರಿ ಈಕಡೆ. ಎಷ್ಟಂತ ಹಿಡಕೊಂಡು ಕೂಡೂದು ಆಕಿನ್ನ? ಆಕೀಗೂ ದಣಿವಾಗಿರ್ತೈತಿ. ಹೋಗ್ಲಿ ಬಿಡ್ರಿ."

ಅಪ್ಪ ಕಾಲುವೆಯ ದಂಡೆಯ ಮೇಲೆ ಕುಸಿದು ಕೂತ. ಬಿಳಿ ಧೋತರ, ಒದ್ದೆ ಮಣ್ಣು, ಸುತ್ತ ಮಂದಿ, ಯಾವುದರ ಪರಿವೆಯೂ ಅವನಿಗಿರಲಿಲ್ಲ. "ಆ ಮಂಗಳವಾರ ಕಳಿಸಿದಾವ ನಾನು" ಅಂದ. "ನೀ ಕಾಯಾಕತ್ತೀದಿ ಅಂತ ನಾ ಧೈರ್ಯಲೆ ಬೈತಿದ್ದೆಬೇ. ನೀ ಬಿಡಂಗಿಲ್ಲಂತ ಗೊತ್ತಿತ್ತು ನನಗ. 'ಅದಾಳ, ಅದಾಳ' ಅಂತ ನೀ ಅಂತಿದ್ದಿ, ಅದನ್ನ ಕೇಳಿಕೊಂಡ ಉಣ್ತಿದ್ದೆ ನಾ. ಇನ್ನ ಯಾರು ಕಾಯ್ತಾರ ಆಕಿನ್ನ?"

ಅವ್ವ ಅವನ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತು, ಆ ಖಾಲಿ ಅರಿವೆಯನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಉಬ್ಬಸಕ್ಕೆ ಅಳು ಸಹ ಪೂರಾ ಹೊರಗೆ ಬರುತ್ತಿರಲಿಲ್ಲ. ನಾನು ಇಬ್ಬರ ನಡುವೆ ತೂರಿಕೊಂಡು ಕೂತೆ. ಅಪ್ಪ ಒಂದು ಕೈಯಿಂದ ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ. ಅಕ್ಕ ಸತ್ತು ಅಷ್ಟು ವರ್ಷಗಳಾಗಿದ್ದವು; ನಾವು ಮೂವರು ಕೂಡಿ ಅತ್ತದ್ದು ಅವತ್ತೇ.